ಜಗತ್ಕರ್ತೃವಿನ ವಿಚಾರವೂ ಬೆಳುವಲ ನಾಡೂ

ಜಗತ್ತಿಗೆ ಒಬ್ಬ ಕರ್ತೃವುಂಟೋ ಇಲ್ಲವೋ; ಉಂಟಾದರೆ ಆತನು ಪ್ರಾಣಿಕೋಟಿಯನ್ನು ಈಗಿರುವ ರೂಪದಲ್ಲಿಯೇ ನಿರ್ಮಿಸಿದನೋ, ಅಥವಾ ಅವು ಕಾಲಾಂತರದಲ್ಲಿ ಒಂದರಿಂದೊಂದು ಕವಲೊಡೆದು ಬಂದವೋ ಎಂಬ ಚರ್ಚೆಯು ನಮ್ಮ ದೇಶದಲ್ಲಿ ಈಚೆಗೆ ಮತ್ತೆ ತಲೆಯೆತ್ತಿದೆ. ೨೦೧೮ನೆಯ ಇಸವಿಯ ಜನೆವರಿಯಲ್ಲಿ ಕೇಂದ್ರ ಸರಕಾರದ ರಾಜ್ಯಮಂತ್ರಿಗಳೊಬ್ಬರು ಡಾರ್ವಿನ್ನನ ಸಿದ್ಧಾಂತವು ತಪ್ಪೆಂದೂ, ಮಂಗವು ಮನುಷ್ಯನಾದದ್ದನ್ನು ಕಂಡವರಿಲ್ಲವೆಂದೂ ಬಹಿರಂಗವಾಗಿ ಹೇಳಲು, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಒಟ್ಟಾಗಿ ಅದನ್ನು ಅಲ್ಲಗಳೆಯಬೇಕಾಯಿತು. ೨೦೨೩ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪುಸ್ತಕದಿಂದ ವಿಕಾಸವಾದದ ಪಾಠವನ್ನು ತೆಗೆದದ್ದಕ್ಕೆ ೧೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಶಿಕ್ಷಕರೂ ಸಹಿ ಮಾಡಿ ಆಕ್ಷೇಪಿಸಿದರು. ಈ ಗದ್ದಲದಲ್ಲಿ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತವೆ. ಕರ್ತೃವನ್ನು ಸಂಶಯಿಸುವದು ಪಶ್ಚಿಮದಿಂದ ಬಂದ ಚಾಳಿಯೆಂಬದು ಒಂದು. ಡಾರ್ವಿನ್ನನು ಹೇಳಿದ್ದೆಲ್ಲವೂ ನಮ್ಮ ಪೂರ್ವಿಕರಿಗೆ ಮೊದಲೇ ತಿಳಿದಿತ್ತೆಂಬದು ಇನ್ನೊಂದು. ಅಣ್ಣಿಗೇರಿಗೂ ಬಂಕಾಪುರಕ್ಕೂ ನಡುವೆ ಹರಡಿದ ನಮ್ಮ ಈ ನಾಡಿನ ಚರಿತ್ರೆಯನ್ನು ತಿರುವಿ ನೋಡಿದವರಿಗೆ ಈ ಎರಡೂ ಮಾತುಗಳು ನಿಲ್ಲತಕ್ಕವಲ್ಲವೆಂದು ತೋರದೆ ಇರದು.

ಅಣ್ಣಿಗೇರಿಯು ಬೆಳ್ವೊಲ ಮುನ್ನೂರರ ಮುಖ್ಯ ಪಟ್ಟಣವಾಗಿತ್ತು. ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ವಾಚಕರಲ್ಲಿ ಬಹುಜನರು ಕಂಡಿರಬಹುದು. ತೆಲಂಗಾಣದ ಕರೀಂನಗರ ಸೀಮೆಯ ಕುರ್ಕ್ಯಾಲದ ಗುಡ್ಡದ ಮೇಲೆ ಪಂಪಕವಿಯ ತಮ್ಮನಾದ ಜಿನವಲ್ಲಭನು ಕೆತ್ತಿಸಿದ ಶಾಸನದಿಂದ, ಇವರ ತಾಯಿ ಅಬ್ಬಣಬ್ಬೆಯು ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂಬದು ಗೊತ್ತಾಗಿದೆ. ಪಂಪನ ಪೂರ್ವಜರಾದರೋ ವೆಂಗಿ ನಾಡಿನ ವೈದಿಕರು, ಯಜ್ಞಗಳನ್ನು ಮಾಡಿದವರು. ಆತನ ತಂದೆಯು ಜಿನಧರ್ಮವನ್ನು ಕೈಕೊಂಡನು. ಹೀಗೆ ಒಂದೇ ಮನೆತನದಲ್ಲಿ ಎರಡು ದರ್ಶನಗಳು ಕೂಡಿದ್ದವು. ಪಂಪನು ಕ್ರಿ.ಶ. ೯೪೧ರಲ್ಲಿ ಬರೆದ ಆದಿಪುರಾಣಕ್ಕೆ ಮೂಲವು ಜಿನಸೇನಾಚಾರ್ಯರ ಸಂಸ್ಕೃತ ಗ್ರಂಥ. ನಾವು ನೋಡಬೇಕಾದ ವಾದವು ಆ ಮೂಲದಲ್ಲಿಯೇ ಇದೆ.

ಜಿನಸೇನರು ರಾಷ್ಟ್ರಕೂಟ ಚಕ್ರವರ್ತಿಯಾದ ಅಮೋಘವರ್ಷನ ಕಾಲದವರು. ತಮ್ಮ ಗುರುಗಳಾದ ವೀರಸೇನರು ಅರ್ಧಕ್ಕೆ ಬಿಟ್ಟ ಜಯಧವಲಾ ಟೀಕೆಯನ್ನು ಶಕ ೭೫೯ರಲ್ಲಿ, ಅಂದರೆ ಕ್ರಿ.ಶ. ೮೩೭ರಲ್ಲಿ, ಪೂರೈಸಿದವರು ಇವರೇ. ಆ ಬಳಿಕ ಮಹಾಪುರಾಣವನ್ನು ಆರಂಭಿಸಿ ೪೨ ಪರ್ವಗಳನ್ನು ಮುಗಿಸಿ, ೪೩ನೆಯದರ ಮೊದಲಲ್ಲಿಯೇ ಕಾಲವಶರಾದರು. ಉಳಿದದ್ದನ್ನು ಶಿಷ್ಯರಾದ ಗುಣಭದ್ರರು ಬರೆದರು. ಗುಣಭದ್ರರ ಶಿಷ್ಯ ಲೋಕಸೇನನು ಬರೆದ ಪ್ರಶಸ್ತಿಯ ಪ್ರಕಾರ, ಶಕ ೮೨೦ರಲ್ಲಿ, ಲೋಕಾದಿತ್ಯನು ಬನವಾಸಿ ನಾಡನ್ನು ಆಳುತ್ತಿದ್ದಾಗ, ಅವನ ತಂದೆಯ ಹೆಸರಿನ ಬಂಕಾಪುರದಲ್ಲಿ ಈ ಪುರಾಣವು ಭವ್ಯಜನರಿಂದ ಪೂಜೆಗೊಂಡಿತು. ಈಗ ಬಂಕಾಪುರವು ಹಾವೇರಿ ಜಿಲ್ಲೆಗೆ ಸೇರಿದೆ. ೧೯೯೭ರ ವರೆಗೆ ಅದು ನಮ್ಮ ಧಾರವಾಡ ಜಿಲ್ಲೆಯದೇ ಆಗಿತ್ತು.

ಈ ಪುರಾಣದ ನಾಲ್ಕನೆಯ ಪರ್ವದಲ್ಲಿ, ಲೋಕದ ವರ್ಣನೆಯನ್ನು ಆರಂಭಿಸುವ ಮುಂಚೆ, ಜಿನಸೇನರು ನಿಂತು ಕರ್ತೃವಾದಿಗಳೊಡನೆ ಜಗಳ ತೆಗೆಯುತ್ತಾರೆ. ಆ ವಾದದ ಸರಣಿಯನ್ನು ನಮ್ಮ ಮಾತಿನಲ್ಲಿ ಹೇಳುವದಾದರೆ ಹೀಗಿದೆ. ಸೃಷ್ಟಿಗಿಂತ ಮೊದಲು ಸೃಷ್ಟಿಕರ್ತನು ಎಲ್ಲಿದ್ದನು? ಆತನಿಗೆ ಆಶ್ರಯವೇ ಬೇಡವೆಂದರೆ ಈಗ ಎಲ್ಲಿರುತ್ತಾನೆ? ಶರೀರವಿಲ್ಲದವನು ಮೂರ್ತವಸ್ತುಗಳನ್ನು ಹೇಗೆ ಮಾಡಿದನು? ಸಾಮಗ್ರಿಯಿಲ್ಲದೆ ಮಾಡಿದನೆಂದರೆ ನಂಬುವವರಾರು? ಸಾಮಗ್ರಿಯನ್ನು ಮೊದಲು ತಾನೇ ಮಾಡಿಕೊಂಡನೆಂದರೆ, ಅದನ್ನು ಮಾಡಲಿಕ್ಕೆ ಬೇರೆ ಸಾಮಗ್ರಿ ಬೇಕಾಗಿ ಆ ಮಾತಿಗೆ ಕೊನೆಯೇ ಇರುವದಿಲ್ಲ. ಸಾಮಗ್ರಿಯು ತಾನಾಗಿಯೇ ಇತ್ತೆಂದು ಒಪ್ಪಿದರೆ, ಜಗತ್ತೂ ತಾನಾಗಿಯೇ ಇದೆಯೆಂದು ಒಪ್ಪಲಿಕ್ಕೆ ಅಡ್ಡಿಯೇನು? ಆತನು ಕೃತಕೃತ್ಯನೂ ಪರಿಪೂರ್ಣನೂ ಆಗಿದ್ದರೆ ಮಾಡಬೇಕೆಂಬ ಇಚ್ಛೆಯೇ ಹುಟ್ಟಬಾರದು. ಅಪೂರ್ಣನಾಗಿದ್ದರೆ, ಕುಂಬಾರನು ಜಗತ್ತನ್ನು ಮಾಡಬಲ್ಲಷ್ಟೇ ಆತನೂ ಮಾಡಬಲ್ಲನು. ಲೀಲೆಗಾಗಿ ಮಾಡಿದನೆಂದರೆ ಅದು ಹುಡುಗರಾಟವಾಯಿತು. ಜೀವಿಗಳ ಮೇಲಿನ ದಯೆಯಿಂದ ಮಾಡಿದನೆಂದರೆ ಲೋಕದಲ್ಲಿ ಇಷ್ಟು ದುಃಖವೇಕೆ? ಅವರವರ ಕರ್ಮಕ್ಕೆ ತಕ್ಕಂತೆ ಮಾಡಿದನೆಂದರೆ, ಆತನು ಕರ್ಮಕ್ಕೆ ಅಧೀನನಾದನೇ ಹೊರತು ಸ್ವತಂತ್ರನಾಗಲಿಲ್ಲ. ಆದುದರಿಂದ ಕಾಲದಂತೆ ಲೋಕವೂ ಆದಿಯಂತಗಳಿಲ್ಲದ್ದು, ಯಾರಿಂದಲೂ ಮಾಡಲ್ಪಡದ್ದು ಎಂದು ಆಚಾರ್ಯರು ಮುಗಿಸುತ್ತಾರೆ.

ಕಾರ್ಲ್ ಸಾಗನ್ ಎಂಬ ಅಮೇರಿಕದ ಖಗೋಲಜ್ಞರು ೧೯೮೦ರಲ್ಲಿ ಪ್ರಕಟಿಸಿದ ತಮ್ಮ ಪ್ರಖ್ಯಾತ ಪುಸ್ತಕದ ಒಂದು ಅಧ್ಯಾಯದ ನೆತ್ತಿಯ ಮೇಲೆ ಈ ಶ್ಲೋಕಗಳ ಅನುವಾದವನ್ನು ಕೊಟ್ಟಿದ್ದಾರೆ. ಬಂಕಾಪುರದ ಗ್ರಂಥವು ಹೀಗೆ ಸಮುದ್ರದಾಚೆಯಿಂದ ತಿರುಗಿ ನಮ್ಮ ಹುಡುಗರ ಕೈಗೆ ಬರಬೇಕಾದದ್ದು ನಮಗೆ ಹೆಮ್ಮೆಯ ವಿಷಯವೋ, ನಾಚಿಕೆಯ ವಿಷಯವೋ, ವಾಚಕರೇ ಹೇಳಲಿ.

ಎದುರಾಳಿಗಳಾದರೂ ಸಾಮಾನ್ಯರಲ್ಲ. ಗಡಿಗೆಗೆ ಕುಂಬಾರನಿರುವಂತೆ ಕಾರ್ಯವಾದುದಕ್ಕೆಲ್ಲ ಒಬ್ಬ ಬುದ್ಧಿವಂತನಾದ ಕರ್ತೃವಿರಲೇಬೇಕು, ಜಗತ್ತೂ ಕಾರ್ಯವೇ ಆದುದರಿಂದ ಅದಕ್ಕೂ ಒಬ್ಬನುಂಟು ಎಂಬದು ನೈಯಾಯಿಕರ ಅನುಮಾನ. ಮಿಥಿಲೆಯ ಉದಯನಾಚಾರ್ಯರು ಹತ್ತನೆಯ ಶತಮಾನದ ಕೊನೆಯ ಸುಮಾರಿಗೆ ನ್ಯಾಯಕುಸುಮಾಂಜಲಿಯಲ್ಲಿ ಇದಕ್ಕೆ ಕೋಟೆ ಕಟ್ಟಿದರು. ಇಂಗ್ಲಂಡದ ವಿಲಿಯಂ ಪೇಲಿ ಎಂಬ ಪಾದ್ರಿಯು ೧೮೦೨ರಲ್ಲಿ ಬಯಲಲ್ಲಿ ಬಿದ್ದ ಗಡಿಯಾರದ ದೃಷ್ಟಾಂತವನ್ನು ಕೊಟ್ಟು, ಅದರ ಚಕ್ರಗಳ ಜೋಡಣೆಯನ್ನು ಕಂಡವನು ಗಡಿಯಾರ ಮಾಡಿದವನನ್ನು ಊಹಿಸುವಂತೆ ಕಣ್ಣಿನ ರಚನೆಯನ್ನು ಕಂಡವನು ದೇವರನ್ನು ಊಹಿಸಬೇಕೆಂದು ವಾದಿಸಿದನು. ಈಗ ಅಮೇರಿಕದಲ್ಲಿ ಬುದ್ಧಿಪೂರ್ವಕ ರಚನಾವಾದವೆಂಬ ಹೊಸ ಹೆಸರಿನಿಂದ ನಡೆದಿರುವದೂ ಇದೇ ಸರಕು. ಗಡಿಗೆಯು ಗಡಿಯಾರವಾಯಿತು, ಅಷ್ಟೇ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಕುಂಬಾರನ ದೃಷ್ಟಾಂತವನ್ನು ಒಪ್ಪದವರು ಜೈನರೂ ಬೌದ್ಧರೂ ಮಾತ್ರವಲ್ಲ. ವೇದವನ್ನೇ ಪರಮಪ್ರಮಾಣವೆಂದು ನಂಬಿದ ಕುಮಾರಿಲಭಟ್ಟರು ಸೃಷ್ಟಿಕರ್ತನನ್ನು ಕುರಿತು ಜಿನಸೇನರಿಗಿಂತ ಮೊದಲೇ ಇಂಥವೇ ಪ್ರಶ್ನೆಗಳನ್ನು ಶ್ಲೋಕವಾರ್ತಿಕದಲ್ಲಿ ಹಾಕಿದ್ದಾರೆ. ಇದಕ್ಕಿಂತಲೂ ಸ್ವಾರಸ್ಯವಾದದ್ದು ನಮ್ಮ ಮೇಲುಕೋಟೆಯಲ್ಲಿ ನೆಲಸಿದ್ದ ರಾಮಾನುಜಾಚಾರ್ಯರ ಮತ. ಭಗವಂತನಲ್ಲಿ ಅವರಿಗಿಂತ ಹೆಚ್ಚಿನ ಶ್ರದ್ಧೆಯುಳ್ಳವರು ಯಾರು? ಆದರೆ ಶ್ರೀಭಾಷ್ಯದಲ್ಲಿ, ಬ್ರಹ್ಮಸೂತ್ರಗಳ ಮೂರನೆಯ ಸೂತ್ರವನ್ನು ವ್ಯಾಖ್ಯಾನಿಸುವಾಗ, ಅನುಮಾನದಿಂದ ಈಶ್ವರನನ್ನು ಸಾಧಿಸಬಹುದೆಂಬ ಪಕ್ಷವನ್ನು ಅವರು ಎಳೆ ಎಳೆಯಾಗಿ ಬಿಡಿಸಿ ಬಿಸುಟಿದ್ದಾರೆ. ದೊಡ್ಡ ನಿರ್ಮಾಣಗಳನ್ನು ಹಲವರು ಕೂಡಿ ಮಾಡುವದನ್ನು ನಾವು ಕಾಣುತ್ತೇವೆ. ಹಾಗಾದರೆ ಜಗತ್ತನ್ನು ಒಬ್ಬನೇ ಮಾಡಿದನೆಂಬದಕ್ಕೆ ಆಧಾರವೇನು? ನಾವು ಕಂಡ ಕರ್ತೃಗಳೆಲ್ಲ ಶರೀರಿಗಳು. ಈತನು ಹಾಗಲ್ಲವೆಂದು ಹೇಗೆ ತಿಳಿಯಿತು? ಪರಬ್ರಹ್ಮವು ಶಾಸ್ತ್ರದಿಂದಲೇ ತಿಳಿಯತಕ್ಕದ್ದು, ಗಡಿಗೆ ಕುಂಬಾರರ ಹೋಲಿಕೆಯಿಂದಲ್ಲ ಎಂಬದು ಅವರ ನಿರ್ಣಯ. ಉಡುಪಿಯ ಮಧ್ವಾಚಾರ್ಯರದೂ ಈ ವಿಷಯದಲ್ಲಿ ಇದೇ ದಾರಿ. ಹೀಗೆ ನಮ್ಮ ನಾಡಿನ ಅತ್ಯಂತ ದೃಢವಾದ ಭಕ್ತಿಮಾರ್ಗಗಳು ತಮ್ಮ ಅಸ್ತಿವಾರವನ್ನು ಪ್ರಾಣಿಶರೀರದ ರಚನಾಕೌಶಲದ ಮೇಲೆ ಇಡಲೇ ಇಲ್ಲ.

ವಾದವು ಯಾವಾಗಲೂ ವಾದವಾಗಿಯೇ ಉಳಿಯಲಿಲ್ಲವೆಂಬದನ್ನೂ ಹೇಳಬೇಕು. ಗಾವರವಾಡ, ಅಣ್ಣಿಗೇರಿಗಳ ಶಕ ೯೯೩-೯೯೪ರ ಶಾಸನಗಳು, ಗಂಗ ಬೂತುಗನ ಹೆಸರಿನಲ್ಲಿ ಅಣ್ಣಿಗೇರಿಯಲ್ಲಿ ಕಟ್ಟಿಸಿದ್ದ ಬಸದಿಯು ಚೋಳರ ದಂಡಯಾತ್ರೆಯಲ್ಲಿ ಹಾಳಾಗಿ, ಆಮೇಲೆ ಲಕ್ಷ್ಮರಸನಿಂದ ಜೀರ್ಣೋದ್ಧಾರವಾದದ್ದನ್ನು ಹೇಳುತ್ತವೆ. ಅದು ರಾಜರ ಹಗೆತನದ ಫಲವೆನ್ನಬಹುದು. ಮುಂದೆ ಹನ್ನೆರಡನೆಯ ಶತಮಾನದಲ್ಲಿ, ಹಿರೇಕೆರೂರ ಸಮೀಪದ ಅಬ್ಬಲೂರಿನಲ್ಲಿ ಶೈವನಾದ ಏಕಾಂತದ ರಾಮಯ್ಯನಿಗೂ ಜೈನರಿಗೂ ಬಿದ್ದ ಪಂಥದಲ್ಲಿ ತರ್ಕದ ಮಾತೇ ಇಲ್ಲ. ತಲೆಯನ್ನು ಅರಿದುಕೊಂಡು ಏಳನೆಯ ದಿನ ತಿರುಗಿ ಪಡೆದನೆಂದೂ, ಬಸದಿಯ ಪ್ರತಿಮೆಯನ್ನು ಒಡೆದನೆಂದೂ, ಬಿಜ್ಜಳನಿಂದ ಜಯಪತ್ರ ದೊರೆಯಿತೆಂದೂ ಅಲ್ಲಿಯ ಶಾಸನವು ವರ್ಣಿಸುತ್ತದೆ. ಜಿನಸೇನರ ಪ್ರಶ್ನೆಗಳಿಗೆ ಉದಯನರು ಕೊಡಬಹುದಾದ ಉತ್ತರವು ಒಂದು ತೆರದ್ದು. ಅಬ್ಬಲೂರಿನ ಉತ್ತರವು ಬೇರೊಂದು ತೆರದ್ದು. ಪಾಠವನ್ನು ಪುಸ್ತಕದಿಂದ ತೆಗೆಯುವದು ಇವೆರಡರಲ್ಲಿ ಯಾವ ಜಾತಿಗೆ ಸೇರಿದ್ದೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ಎರಡನೆಯ ಮಾತು. ಕರ್ತೃವನ್ನು ಅಲ್ಲಗಳೆದ ಜಿನಸೇನರು ವಿಕಾಸವಾದಿಗಳೇ? ಖಂಡಿತವಾಗಿಯೂ ಅಲ್ಲ. ಅವರ ಲೋಕಕ್ಕೆ ಆದಿಯೇ ಇಲ್ಲವಾದ್ದರಿಂದ ಜೀವಜಾತಿಗಳಿಗೂ ಹುಟ್ಟಿನ ಕಥೆಯಿಲ್ಲ. ಕಾಲವೇನೋ ತಿರುಗುತ್ತದೆ, ಆದರೆ ನಾವಿರುವ ಅವಸರ್ಪಿಣಿಯಲ್ಲಿ ಅದರ ನಡೆಯು ಇಳಿಜಾರಿನದು. ಮೊದಲಿನ ಮನುಷ್ಯರು ಮಹಾಕಾಯರು, ಕಲ್ಪವೃಕ್ಷಗಳಿಂದ ಬೇಕಾದ್ದನ್ನು ಪಡೆಯುತ್ತಿದ್ದವರು. ವೃಷಭನಾಥನ ಎತ್ತರವೇ ೫೦೦ ಬಿಲ್ಲು. ಕಲ್ಪವೃಕ್ಷಗಳು ಕ್ಷೀಣಿಸಿದ ಮೇಲೆ ಆತನು ಜನರಿಗೆ ಅಸಿ, ಮಸಿ, ಕೃಷಿ ಮೊದಲಾದ ಕಸುಬುಗಳನ್ನು ಕಲಿಸಿದನು. ಏಕೇಂದ್ರಿಯದಿಂದ ಪಂಚೇಂದ್ರಿಯದ ವರೆಗೆ ಜೀವಿಗಳ ಮೆಟ್ಟಿಲುಗಳನ್ನು ಜೈನಶಾಸ್ತ್ರವು ಬಹು ಅಚ್ಚುಕಟ್ಟಾಗಿ ಹೇಳುವದು ನಿಜ. ಆದರೆ ಆ ಮೆಟ್ಟಿಲನ್ನು ಹತ್ತಿಳಿಯುವದು ಆತ್ಮ, ದೇಹದ ವಂಶವಲ್ಲ. ದಶಾವತಾರದ ಮತ್ಸ್ಯ, ಕೂರ್ಮ, ವರಾಹ, ನರಸಿಂಹಗಳಲ್ಲಿ ಡಾರ್ವಿನ್ನನನ್ನು ಕಾಣುವ ಪರಿಪಾಠವೂ ಹಳೆಯದೇನಲ್ಲ; ೧೮೭೭ರಲ್ಲಿ ಬ್ಲಾವಟ್ಸ್ಕಿ ಬಾಯಿಯವರೂ, ೧೮೮೨ರಲ್ಲಿ ಕೇಶವಚಂದ್ರ ಸೇನರೂ ಇದನ್ನು ಎತ್ತಿದರು. ಮೀನದ ಹಿಂದೆ ಆಮೆಯನ್ನು ಹೇಳಿದ ಮಾತ್ರಕ್ಕೆ ಮೀನದ ಸಂತತಿಯಲ್ಲಿ ಆಮೆ ಹುಟ್ಟಿತೆಂದು ಪುರಾಣಿಕರು ಎಲ್ಲಿಯೂ ಹೇಳಿಲ್ಲ.

ಡಾರ್ವಿನ್ ಮತ್ತು ವಾಲೆಸ್ ಇವರು ೧೮೫೮ರಲ್ಲಿ ಲಂಡನ್ನಿನ ವಿದ್ವತ್ಸಭೆಯ ಮುಂದಿಟ್ಟ ವಿಚಾರವು ಬೇರೆಯೇ ಆದದ್ದು. ನವಲಗುಂದದ ಎರೆಭೂಮಿಯ ಒಕ್ಕಲಿಗನು ಸುಗ್ಗಿಯಲ್ಲಿ ದುಂಡನೆಯ, ಕಾಳು ತುಂಬಿದ ಜೋಳದ ತೆನೆಗಳನ್ನೇ ಆರಿಸಿ ಬೀಜಕ್ಕೆ ಎತ್ತಿಡುತ್ತಾನೆ. ತಲೆಮಾರುಗಳು ಕಳೆದಂತೆ ಬೆಳೆಯ ಗುಣವೇ ಮಾರ್ಪಡುತ್ತದೆ. ಡಾರ್ವಿನ್ನನೂ ೧೮೫೯ರ ತನ್ನ ಗ್ರಂಥವನ್ನು ಸಾಕಿದ ಪ್ರಾಣಿ, ಬೆಳೆಸಿದ ಸಸಿಗಳಿಂದಲೇ ಆರಂಭಿಸಿದ್ದಾನೆ. ಆರಿಸುವ ಒಕ್ಕಲಿಗನಿಲ್ಲದ ಕಾಡಿನಲ್ಲಿ ಬರ, ಹಸಿವು, ರೋಗ, ಶತ್ರುಗಳೇ ಆ ಕೆಲಸವನ್ನು ಮಾಡುತ್ತವೆ. ತಾಳಿಕೊಂಡದ್ದು ಮರಿಗಳನ್ನು ಬಿಟ್ಟು ಹೋಗುತ್ತದೆ, ತಾಳದ್ದು ಅಳಿಯುತ್ತದೆ. ಇದರಿಂದ ಪೇಲಿಯ ಗಡಿಯಾರದ ಸಾಕ್ಷ್ಯವು ಬಿದ್ದುಹೋಯಿತು. ಆದರೆ ಬಿದ್ದದ್ದು ಒಂದು ಸಾಕ್ಷ್ಯವೇ ಹೊರತು ದೇವರಲ್ಲ. ರಾಮಾನುಜರ ಭಕ್ತನು ಆ ಸಾಕ್ಷ್ಯವನ್ನು ಎಂಟುನೂರು ವರ್ಷಗಳ ಹಿಂದೆಯೇ ಬೇಡವೆಂದಿದ್ದನು. ಆದ್ದರಿಂದ ಅವನು ಡಾರ್ವಿನ್ನನಿಗೆ ಅಂಜಬೇಕಾದ ಕಾರಣವಿಲ್ಲ. ಜಿನಸೇನರ ಶಿಷ್ಯನಿಗೂ ತನ್ನ ಸಂಶಯಕ್ಕಾಗಿ ಡಾರ್ವಿನ್ನನ ಹಂಗು ಬೇಕಾಗಿರಲಿಲ್ಲ. ಇಬ್ಬರಿಗೂ ಗೊತ್ತಿಲ್ಲದಿದ್ದದ್ದು ಜೀವಿಗಳ ಇತಿಹಾಸ. ಡಾರ್ವಿನ್ನನು ತಂದದ್ದು ಅದನ್ನು.

ಯುರೋಪದಲ್ಲಿ ಈ ಇತಿಹಾಸಕ್ಕೆ ದೊಡ್ಡ ತೊಡಕಾದದ್ದು ಕಾಲದ ಲೆಕ್ಕ. ಅಲ್ಲಿಯ ಆರ್ಚಬಿಷಪ್ ಅಶ್ಶರನು ೧೬೫೦ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಕೂಡಿಸಿ ಕ್ರಿ.ಪೂ. ೪೦೦೪ರಲ್ಲಿ ಸೃಷ್ಟಿಯಾಯಿತೆಂದು ಗೊತ್ತುಪಡಿಸಿದ್ದನು. ನಮ್ಮ ಪಂಚಾಂಗದ ಕಲ್ಪವು ೪೩೨ ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು ೪೫೪ ಕೋಟಿ ವರ್ಷವೆಂದು ಈಗ ಸಿದ್ಧವಾದದ್ದರಿಂದ ಕೆಲವರು ಹಿಗ್ಗುವದುಂಟು. ಆದರೆ ಒಂದು ಅಂಕಿಯು ಯುಗಗಣಿತದಿಂದ ಬಂದದ್ದು, ಇನ್ನೊಂದು ಕಲ್ಲಿನಿಂದ ಬಂದದ್ದು, ಹತ್ತಿರ ಬಿದ್ದದ್ದು ಕಾಕತಾಳೀಯ. ಡಾರ್ವಿನ್ನನನ್ನು ಪಾದ್ರಿಗಳಿಗಿಂತ ಹೆಚ್ಚಾಗಿ ಕಾಡಿದವರು ಪದಾರ್ಥವಿಜ್ಞಾನಿಯಾದ ಕೆಲ್ವಿನ್ನರು. ಅವರು ೧೮೬೨ರಲ್ಲಿ ಭೂಮಿಯು ಆರುವ ವೇಗವನ್ನು ಗಣಿಸಿ, ಅದರ ವಯಸ್ಸು ೨ ಕೋಟಿಯಿಂದ ೪೦ ಕೋಟಿ ವರ್ಷಗಳೊಳಗೆ ಇರಬೇಕೆಂದರು. ವಿಕಾಸಕ್ಕೆ ಅಷ್ಟು ಕಾಲವು ಸಾಲುವಂತಿರಲಿಲ್ಲ. ೧೮೯೬ರಲ್ಲಿ ವಿಕಿರಣಶಕ್ತಿಯು ಗೊತ್ತಾದ ಮೇಲೆಯೇ ಕಲ್ಲುಗಳ ನಿಜವಾದ ವಯಸ್ಸನ್ನು ಅಳೆಯುವ ದಾರಿ ತೆರೆಯಿತು.

ಆ ಕಲ್ಲುಗಳಲ್ಲಿ ನಮ್ಮವೂ ಇವೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನು ೧೮೫೮ರಲ್ಲಿ ಸರಕಾರದ ಭೂಗರ್ಭ ಸಮೀಕ್ಷೆಯ ಕೆಲಸಕ್ಕೆ ಸೇರಿ, ದಕ್ಷಿಣ ದೇಶದ ಊರೂರು ಅಲೆದನು. ೧೮೬೩ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಕೊಡಲಿ ಅವನಿಗೆ ಸಿಕ್ಕಿತು. ಈ ದೇಶದ ಮನುಷ್ಯನ ಪ್ರಾಚೀನತೆಗೆ ಅದೇ ಮೊದಲಿನ ಗುರುತು. ಅವನೇ ೧೮೮೦ರ ದಶಕದಲ್ಲಿ ನಮ್ಮ ಸೀಮೆಯ ಪದರುಗಲ್ಲುಗಳ ಶ್ರೇಣಿಗೆ ಧಾರವಾಡದ ಹೆಸರನ್ನಿಟ್ಟನು. ಆ ಕಲ್ಲುಗಳ ವಯಸ್ಸು ಆಗ ಯಾರಿಗೂ ತಿಳಿದಿರಲಿಲ್ಲ. ಅವು ೨೬೦ ಕೋಟಿ ವರ್ಷಗಳ ಸುಮಾರಿನವೂ, ಕೆಲವು ಅದಕ್ಕಿಂತ ಹಳೆಯವೂ ಎಂದು ಈಗ ಗೊತ್ತಾಗಿದೆ. ಇದೇ ಧಾರವಾಡ ಶ್ರೇಣಿಯು ಹಬ್ಬಿದ ಚಿತ್ರದುರ್ಗದ ಕಡೆಯ ಸುಣ್ಣಗಲ್ಲುಗಳಲ್ಲಿ ಸ್ಟ್ರೊಮೆಟೊಲೈಟ್ ಎಂಬ ಅಲೆಯಲೆಯಾದ ಪದರುಗಳು ಕಾಣುತ್ತವೆ. ಬರಿಗಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಆಳವಿಲ್ಲದ ನೀರಿನ ತಳದಲ್ಲಿ ಲೋಳೆಯ ಹಾಸುಗಳಾಗಿ ಬೆಳೆದು, ಮೇಲೆ ಬಿದ್ದ ಕೆಸರನ್ನು ಹಿಡಿದು, ಅದರ ಮೇಲೆ ಮತ್ತೆ ಬೆಳೆದು ಈ ಪದರುಗಳನ್ನು ಬಿಟ್ಟುಹೋಗಿವೆ. ಆಗ ಮೀನವೂ ಇರಲಿಲ್ಲ, ಆಮೆಯೂ ಇರಲಿಲ್ಲ. ಒಂದು ಹುಲ್ಲಿನ ಎಸಳು ಸಹ ನೆಲದ ಮೇಲೆ ಹುಟ್ಟಿರಲಿಲ್ಲ.