ಹಜಾರಕ್ಕೊಂದು ದಿಕ್ಕು

ಸೋಫಾ, ಪರದೆ, ಟೀಪಾಯಿ, ಗೋಡೆಯ ಬಣ್ಣ ಒಂದಕ್ಕೊಂದು ಹೊಂದಿಕೊಂಡರೆ ಹಜಾರ ತಾನಾಗಿ ಚೆನ್ನಾಗಿ ಕಾಣುತ್ತದೆ ಎಂಬ ನಂಬಿಕೆ ಇಂದು ಬಲವಾಗಿ ಬೇರೂರಿದೆ. ಪೀಠೋಪಕರಣದ ಅಂಗಡಿಗಳು ಮೂರು ಆಸನದ್ದೊಂದು, ಒಂಟಿ ಆಸನದ್ದೆರಡು ಎಂದು ‘ಸೆಟ್’ ಲೆಕ್ಕದಲ್ಲಿ ಮಾರುವುದೂ ಈ ನಂಬಿಕೆಯ ಮೇಲೆಯೇ. ಆದರೆ ಒಂದೇ ಥರ ಇರುವುದು ಬೇರೆ, ಒಂದಾಗಿರುವುದು ಬೇರೆ. ಈ ವ್ಯತ್ಯಾಸವನ್ನು ಕೋಲಾರ ಚಿನ್ನದ ಗಣಿ ಮತ್ತು ಬಂಗಾರಪೇಟೆಯಷ್ಟು ಸ್ಪಷ್ಟವಾಗಿ ತೋರಿಸುವ ಜಾಗಗಳು ಕಡಿಮೆ. ರೈತರ ನಡುಮನೆ, ಇಂಗ್ಲಿಷರ ಬಂಗಲೆ, ಗಣಿ ಕಾರ್ಮಿಕರ ಲೈನ್ ಮನೆ, ಕಾರ್ಖಾನೆಯ ಕ್ವಾರ್ಟರ್ಸು, ಇತ್ತೀಚಿನ ಬಡಾವಣೆಯ ‘ಹಾಲ್’ ಎಲ್ಲವೂ ಕೆಲವೇ ಮೈಲಿಗಳೊಳಗೆ ಸಿಗುತ್ತವೆ. ಇವನ್ನು ಸಾಲಾಗಿ ನೋಡಿದಾಗ ನನಗೆ ಕಾಣುವುದು ಇಷ್ಟು: ಕೋಣೆಯನ್ನು ಒಂದಾಗಿಸುವುದು ಜೋಡಿ ಸಾಮಾನಲ್ಲ, ಅದಕ್ಕಿರುವ ಒಂದು ದಿಕ್ಕು. ಒಳಗೆ ಬಂದವರು ಯಾವ ಕಡೆ ಮುಖ ಮಾಡಿ ಕೂರಬೇಕು ಎನ್ನುವುದು ತೀರ್ಮಾನವಾಗಿದ್ದರೆ ಉಳಿದ ವಸ್ತುಗಳು ಎಷ್ಟು ಬೇರೆ ಬೇರೆಯಾಗಿದ್ದರೂ ಜಗಳವಾಡುವುದಿಲ್ಲ.

ಕೋಲಾರ ಸೀಮೆಯಲ್ಲಿ ಕಲ್ಲು ಬೇಕಾದಷ್ಟು, ಒಳ್ಳೆಯ ಮರ ಅಪರೂಪ. ಹಾಗಾಗಿ ಇಲ್ಲಿನ ಹಳೆಯ ಮನೆಗಳಲ್ಲಿ ಮಾಡಿಗೂ ಕಲ್ಲು ಚಪ್ಪಡಿ ಹಾಸಿದ್ದುಂಟು. ಚಪ್ಪಡಿ ಎಷ್ಟು ಉದ್ದ ಸಿಗುತ್ತದೋ ಅಷ್ಟಕ್ಕೊಂದು ಕಂಬ ಬೇಕು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ಮನೆ ಎಷ್ಟು ದೊಡ್ಡದೆಂದು ಕೇಳಿದರೆ ಎಷ್ಟು ಅಂಕಣದ್ದೆಂದು ಹೇಳುತ್ತಿದ್ದುದು ಅದಕ್ಕೇ. ಕಂಬವೇ ಕೂರುವ ಜಾಗವನ್ನು ಗೊತ್ತುಮಾಡುತ್ತಿತ್ತು: ಬೆನ್ನು ಕಂಬಕ್ಕೆ, ಮುಖ ಬೆಳಕು ಬರುವ ತೊಟ್ಟಿಗೋ ಬಾಗಿಲಿಗೋ. ಸಾಮಾನು ಎಂದರೆ ಈಚಲು ಚಾಪೆ, ಕಂಬಳಿ, ಗೋಡೆಯ ಗೂಡಿನಲ್ಲೊಂದು ದೀಪ. ಕೆಲಸ ಮುಗಿದರೆ ಚಾಪೆ ಸುತ್ತಿ ಮೂಲೆಗೆ ಸೇರುತ್ತಿತ್ತು. ಈ ನಡುಮನೆಯ ಅಚ್ಚುಕಟ್ಟನ್ನು ಹೊಗಳುವಾಗ ಒಂದು ಮಾತನ್ನು ಬಚ್ಚಿಡಬಾರದು. ಅಲ್ಲಿನ ದಿಕ್ಕು ಬೆಳಕಿನದಷ್ಟೇ ಆಗಿರಲಿಲ್ಲ, ಜಾತಿಯದೂ ಆಗಿತ್ತು. ಯಾರು ಅಂಗಳದಲ್ಲಿ ನಿಲ್ಲಬೇಕು, ಯಾರು ಜಗಲಿಯವರೆಗೆ, ಯಾರು ಕಂಬದವರೆಗೆ ಬರಬಹುದು ಎಂಬುದು ನೆಲದ ಮೇಲೆ ಗೆರೆ ಎಳೆಯದೆಯೇ ಎಲ್ಲರಿಗೂ ಗೊತ್ತಿತ್ತು. ಅಂಥ ಹೊಂದಿಕೆಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ.

1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಗಣಿಗಳಿಗೆ ಕಾಲಿಟ್ಟ ಮೇಲೆ ಎತ್ತರದ ಜಾಗಗಳಲ್ಲಿ ಬಂಗಲೆಗಳು ಎದ್ದವು. ಬೌರಿಂಗ್‌ಪೇಟೆ ಎಂದು ಅಂದು ಹೆಸರಾಗಿದ್ದ ಬಂಗಾರಪೇಟೆಯಿಂದ ಗಣಿಗೆ ರೈಲು ಬಂದದ್ದು 1894ರಲ್ಲಿ. ಆ ಬಂಗಲೆಗಳಿಗೆ ಮುಂದೆ ವರಾಂಡ, ಒಳಗೆ ಬೆತ್ತದ ಕುರ್ಚಿ, ಗೋಡೆಯಲ್ಲಿ ಅಗ್ಗಿಷ್ಟಿಕೆ. ಇಲ್ಲಿನ ಹವೆಗೆ ಅಗ್ಗಿಷ್ಟಿಕೆ ವರ್ಷದಲ್ಲಿ ಕೆಲವು ವಾರ ಬೇಕಾದರೆ ಹೆಚ್ಚು. ಆದರೂ ಅದನ್ನು ಕಟ್ಟಿದ್ದೇಕೆಂದರೆ, ಅದಿಲ್ಲದೆ ಕುರ್ಚಿಗಳನ್ನು ಎತ್ತ ತಿರುಗಿಸಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ ಎಂಬುದು ನನ್ನ ಊಹೆ. ಅದೇ ಕಾಲದಲ್ಲಿ, 1897ರಲ್ಲಿ, ಅಮೆರಿಕದ ಲೇಖಕಿ ಎಡಿತ್ ವಾರ್ಟನ್ ಮತ್ತು ವಾಸ್ತುಶಿಲ್ಪಿ ಆಗ್ಡನ್ ಕಾಡ್‌ಮನ್ ಮನೆಯ ಅಲಂಕಾರದ ಬಗ್ಗೆ ಪುಸ್ತಕ ಬರೆದರು. ಅಲಂಕಾರ ಕಟ್ಟಡದ ಅಳತೆಯಿಂದಲೇ ಹುಟ್ಟಬೇಕು, ಮೇಲಿಂದ ಹೇರಿದ ಆಡಂಬರವಾಗಬಾರದು ಎಂಬುದು ಅವರ ವಾದ. ಅಂಕಣದ ಲೆಕ್ಕ ಬಲ್ಲ ಕೋಲಾರದ ಮೇಸ್ತ್ರಿಗೆ ಇದರಲ್ಲಿ ಹೊಸದೇನೂ ಇರುತ್ತಿರಲಿಲ್ಲ. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಬಂತು. ಮುಂದೆ ಮನೆಗಳಿಗೆ ದೀಪ ಬಂದಂತೆ, ಗೂಡಿನಲ್ಲಿದ್ದ ಬೆಳಕು ಮಾಡಿನ ನಡುವಿಗೆ ಹೋಯಿತು. ಬೆಳಕು ಎಲ್ಲ ಕಡೆಗೂ ಸಮನಾಗಿ ಬಿದ್ದದ್ದರಿಂದ ಕೋಣೆಗೆ ಅನುಕೂಲವಾಯಿತು, ಆದರೆ ದಿಕ್ಕನ್ನು ಬೇರೆಲ್ಲಾದರೂ ಹುಡುಕಬೇಕಾಯಿತು. ಗಣಿ ಊರಿನ ರಾಬರ್ಟ್‌ಸನ್‌ಪೇಟೆಯ ವರ್ತಕರಂಥವರ ಮನೆಗಳಲ್ಲಿ ಆ ದಿಕ್ಕು ಗೋಡೆಗೆ ಏರಿತು. ರವಿವರ್ಮನ ಅಚ್ಚಿನ ಚಿತ್ರಗಳೂ ನಿಲುವುಗನ್ನಡಿಯೂ ಆ ಕೆಲಸ ವಹಿಸಿಕೊಂಡವು.

ನನ್ನ ವಾದಕ್ಕೆ ಗಟ್ಟಿ ಸಾಕ್ಷಿ ಲೈನ್ ಮನೆ. ಮೊದಲು ಬಿದಿರು ತಟ್ಟಿಯ ಗುಡಿಸಲು, ಆಮೇಲೆ ಸಾಲುಸಾಲಾಗಿ ಕಟ್ಟಿದ ಪುಟ್ಟ ಮನೆಗಳು. ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ಕಾರ್ಮಿಕರಲ್ಲಿ ಬಹುಪಾಲು ದಲಿತರು. ಗಣಿ ಮೂರು ಪಾಳಿಯಲ್ಲಿ ನಡೆಯುತ್ತಿದ್ದುದರಿಂದ ಮನೆಯಲ್ಲಿ ಯಾರಾದರೊಬ್ಬರು ಹಗಲಲ್ಲೂ ಮಲಗಿರಬೇಕು. ಒಂದೇ ಕೋಣೆ ಮಲಗುವ ಮನೆ, ಊಟದ ಮನೆ, ಬಂದವರನ್ನು ಕೂರಿಸುವ ಹಜಾರ ಎಲ್ಲವೂ. ಇಂಥಲ್ಲಿ ಸಾಮಾನು ಎರಡೆರಡು ಕೆಲಸ ಮಾಡಬೇಕು: ಟ್ರಂಕಿನ ಮೇಲೆ ಜಮಖಾನ ಹಾಸಿದರೆ ಅದೇ ಆಸನ, ಮಂಚದಡಿ ಉಗ್ರಾಣ. ಬಾಗಿಲಿಗೆ ಎದುರಾದ ಗೋಡೆ ಮಾತ್ರ ಮೀಸಲು. ಕೆಲವರಲ್ಲಿ ಮುರುಗನ್, ಕೆಲವರಲ್ಲಿ ಏಸು, ಕೆಲವರಲ್ಲಿ ಬುದ್ಧ ಮತ್ತು ಅಂಬೇಡ್ಕರ್, ಪಕ್ಕದಲ್ಲಿ ತೀರಿಕೊಂಡ ಹಿರಿಯರ ಫೋಟೊ. ಮಂಚ, ಸ್ಟೂಲು, ಪಾತ್ರೆಯ ಹಲಗೆ ಎಲ್ಲವೂ ಆ ಗೋಡೆಯನ್ನು ಮರೆಮಾಡದಂತೆ ಅಕ್ಕಪಕ್ಕ ಸರಿದಿರುತ್ತವೆ. ಊರಿನ ಎರಡು ಕಾಟಗಳೂ ಈ ಶಿಸ್ತಿಗೆ ಸೇರಿಕೊಂಡವು ಎಂದು ತೋರುತ್ತದೆ. ಗಾಳಿಗಾಲದಲ್ಲಿ ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳಿಂದ ಎದ್ದು ಬರುವ ದೂಳಿಗೆ ರೇಡಿಯೊ, ಹೊಲಿಗೆ ಯಂತ್ರ, ಟ್ರಂಕು ಎಲ್ಲಕ್ಕೂ ಬಟ್ಟೆಯ ಹೊದಿಕೆ ಬೇಕು. ಕಸೂತಿ ಹಾಕಿದ ಆ ಹೊದಿಕೆಗಳೇ ಬೇರೆ ಬೇರೆ ವಸ್ತುಗಳನ್ನು ಒಂದು ಕುಟುಂಬದವುಗಳಂತೆ ಮಾಡುತ್ತಿದ್ದವು. ಇನ್ನೊಂದು ಕಾಟ, ಹಳಬರು ಏರ್ ಬ್ಲಾಸ್ಟ್ ಎನ್ನುವ ಬಂಡೆಸಿಡಿತ. ಚಾಂಪಿಯನ್ ರೀಫ್ ಗಣಿ ನೆಲದಡಿ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಅಲ್ಲಿ ಬಂಡೆ ಸಿಡಿದರೆ ಮೇಲಿನ ಮನೆಗಳೂ ಅದುರುತ್ತಿದ್ದವು. ಅದನ್ನು ಅಳೆಯಲು 1912ರಲ್ಲೇ ಇಲ್ಲಿ ಭೂಕಂಪಮಾಪಕ ಬಂದಿತ್ತು. ಅಂಥ ಊರಿನಲ್ಲಿ ಎತ್ತರದ ಹಲಗೆಗಳ ಮೇಲೆ ಗಾಜು ಒಟ್ಟುವುದು ಬುದ್ಧಿವಂತಿಕೆಯಲ್ಲ.

ಇದನ್ನು ಓದಿದವರು ಕೇಳಬಹುದು: ಇದು ಬಡತನ ಕಲಿಸಿದ ಒತ್ತಾಯದ ಅಚ್ಚುಕಟ್ಟಲ್ಲವೇ, ಅದನ್ನು ಅಭಿರುಚಿ ಎಂದು ಕರೆಯುವುದು ಸರಿಯೇ? ಪ್ರಶ್ನೆ ನ್ಯಾಯವಾದದ್ದು. ಕೋಣೆಯ ಇಕ್ಕಟ್ಟನ್ನು ಕಂಪನಿ ಹೇರಿತು, ಅದರಲ್ಲಿ ಮೆಚ್ಚುವಂಥದ್ದು ಏನೂ ಇಲ್ಲ. ಆದರೆ ಆ ಇಕ್ಕಟ್ಟಿನೊಳಗೆ ಯಾವ ಗೋಡೆಯನ್ನು ತೆರವಾಗಿಡಬೇಕು, ಅಲ್ಲಿ ಯಾರ ಚಿತ್ರ ಇರಬೇಕು ಎಂದು ನಿರ್ಧರಿಸಿದವರು ಅಲ್ಲಿ ಬಾಳಿದವರು. ಒತ್ತಾಯವಷ್ಟೇ ಕಾರಣವಾಗಿದ್ದರೆ ಎಲ್ಲ ಮನೆಗಳೂ ಒಂದೇ ಥರ ಇರಬೇಕಿತ್ತು.

ಟಿವಿ ಬಂದದ್ದು ದೊಡ್ಡ ತಿರುವು. ಬೆಂಗಳೂರು ದೂರದರ್ಶನ 1981ರಲ್ಲಿ ಶುರುವಾಯಿತು. 1987ರಲ್ಲಿ ರಾಮಾಯಣ ಧಾರಾವಾಹಿ ಬರುವ ಹೊತ್ತಿಗೆ ಟಿವಿ ಇದ್ದ ಮನೆಗಳ ಹಜಾರಗಳು ನೆರೆಮನೆಯವರೂ ಬಂದು ಕೂರುವ ಜಾಗಗಳಾದವು. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಕಾರ್ಖಾನೆಯ ನೌಕರರ ಮನೆಗಳಲ್ಲಾಗಲಿ ಲೈನ್ ಮನೆಗಳಲ್ಲಾಗಲಿ ಟಿವಿಗೆ ಷೋಕೇಸು ಬೇಕಾಯಿತು, ಷೋಕೇಸಿಗೆ ಒಂದು ಗೋಡೆ. ದೇವರ ಗೋಡೆಯ ಮಗ್ಗುಲಲ್ಲೇ ಅದನ್ನಿಟ್ಟವರ ಕೋಣೆ ಉಳಿದುಕೊಂಡಿತು. ಎದುರು ಗೋಡೆಗೆ ಇಟ್ಟವರ ಕೋಣೆ ಎರಡು ಹೋಳಾಯಿತು. ಕುರ್ಚಿಗಳು ಅತ್ತಲೂ ಇಲ್ಲ, ಇತ್ತಲೂ ಇಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಾವಿರಾರು ಕುಟುಂಬಗಳು ಲೈನ್ ಮನೆಗಳಲ್ಲೇ ಉಳಿದವು. ದುಡಿಯುವವರು ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಅಲ್ಲಿನ ಸಂಬಳದ ಜೊತೆ ಅಲ್ಲಿನ ಹಜಾರವೂ ಬಂತು: ಸೋಫಾ ಸೆಟ್ಟು, ಪ್ಲೈವುಡ್ಡಿನ ಟಿವಿ ಯೂನಿಟ್ಟು, ಫಾಲ್ಸ್ ಸೀಲಿಂಗು. ಹತ್ತು ಅಡಿ ಅಗಲದ ಕೋಣೆಯ ಲೆಕ್ಕ ಹಾಕಿ ನೋಡಿ. ಸೋಫಾ ಮೂರಡಿ, ಟೀಪಾಯಿ ಎರಡಡಿ, ಟಿವಿ ಯೂನಿಟ್ಟು ಒಂದೂವರೆ ಅಡಿ. ಉಳಿದ ಮೂರೂವರೆ ಅಡಿಯಲ್ಲಿ ಕೂತವರ ಕಾಲಿಗೂ ಓಡಾಡುವವರಿಗೂ ಜಾಗ ಆಗಬೇಕು. ಎರಡು ಒಂಟಿ ಆಸನಗಳು ಬಂದರೆ ಒಳಬಾಗಿಲೋ ಕಿಟಕಿಯೋ ಮುಚ್ಚಿಹೋಗುತ್ತದೆ. ಬಣ್ಣ ಎಲ್ಲ ಹೊಂದಿದೆ, ಕೋಣೆ ಮಾತ್ರ ಗೋದಾಮಿನಂತಿದೆ.

ಹಾಗೆಂದು ಸೋಫಾವನ್ನು ಅನುಕರಣೆ ಎಂದು ತಳ್ಳಿಹಾಕುವವರ ಮಾತನ್ನೂ ನಾನು ಒಪ್ಪಲಾರೆ. ಇನ್ನೊಬ್ಬರ ಜಗಲಿಯ ಕೆಳಗೆ ನಿಂತು ಮಾತಾಡಬೇಕಾಗಿದ್ದವರ ಮೊಮ್ಮಕ್ಕಳು ತಮ್ಮ ಮನೆಯಲ್ಲಿ ಬಂದವರನ್ನೆಲ್ಲ ಒಂದೇ ಎತ್ತರದ ಆಸನದಲ್ಲಿ ಕೂರಿಸುತ್ತಾರೆಂದರೆ ಅದು ಸಣ್ಣ ಸಂಗತಿಯಲ್ಲ. ಚಾಪೆಯೇ ಚೆಂದ ಎಂದು ಅವರಿಗೆ ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಸೋಫಾ ಇರಲಿ. ಒಂಟಿ ಆಸನಗಳ ಬದಲು ಎರಡು ಬೆತ್ತದ ಕುರ್ಚಿ ಸಾಕು, ಅವನ್ನು ಎತ್ತಿ ತಿರುಗಿಸಬಹುದು. ಟೀಪಾಯಿಯ ಜಾಗಕ್ಕೆ ಗೋಡೆಗೆ ಒತ್ತಿಡಬಹುದಾದ ಸ್ಟೂಲು ಸಾಕು. ಟಿವಿ ಹಿರಿಯರ ಫೋಟೊ ಇರುವ ಗೋಡೆಗೇ, ತುಸು ತಗ್ಗಿನಲ್ಲಿ ಬರಲಿ. ನೆಲ ಹಳೆಯ ರೆಡ್ ಆಕ್ಸೈಡಿನದಾದರೆ ಅದನ್ನು ಟೈಲ್ಸಿನಿಂದ ಮುಚ್ಚುವ ಮುನ್ನ ಒಮ್ಮೆ ಯೋಚಿಸಬೇಕು. ಬೇರೆ ಬೇರೆ ಕಾಲದ ಮಂಚ, ಕುರ್ಚಿ, ಬೀರುಗಳ ಕೆಳಗೆ ಒಂದೇ ಸಮನೆ ಹರಿದಿರುವ ಆ ಕೆಂಪು, ಬಣ್ಣ ಹೊಂದಿಸುವ ಕೆಲಸವನ್ನು ಆಗಲೇ ಮಾಡಿಟ್ಟಿದೆ. ರಾತ್ರಿ ರೈಲಿಳಿದು ಬಂದವರು ಚಪ್ಪಲಿ ಬಿಟ್ಟು ಮೊದಲು ಕಾಲಿಡುವುದೂ ಅದರ ಮೇಲೆಯೇ.