ಸೌರ ಪಂಪ್‌ಸೆಟ್ ಮತ್ತು ವಿದ್ಯುತ್ ಜಾಲ ಸಂಪರ್ಕ: ವೆಚ್ಚ ಹಾಗೂ ಹವಾಮಾನ ಹೊರೆಯನ್ನು ಲೆಕ್ಕ ಹಾಕುವ ಕ್ರಮ (ಒಡೆಯರಪಾಳ್ಯ ಸುತ್ತಲಿನ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕಿನ ಒಡೆಯರಪಾಳ್ಯ ಹಾಗೂ ಸುತ್ತಲಿನ ಕಾಡಂಚಿನ ಗ್ರಾಮಗಳು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದ ವ್ಯಾಪ್ತಿಗೆ ಒಳಪಡುತ್ತವೆ. ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಕೃಷಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ನೀಡಲಾಗುತ್ತಿದೆ. ಹೀಗಿರುವಾಗ ಸೌರ ಪಂಪ್‌ಸೆಟ್ಟಿಗೆ ರೈತರು ಹಣ ಪಾವತಿಸುವುದೇಕೆ ಎಂಬ ಪ್ರಶ್ನೆ ಸಹಜ. ಉತ್ತರವು ವೆಚ್ಚವನ್ನು ಲೆಕ್ಕ ಹಾಕುವ ಕ್ರಮದಲ್ಲಿದೆ. ಸದರಿ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2. ಆರ್ಥಿಕ ಮಾದರಿ ಎಂದರೇನು?

ಒಂದೇ ಅಗತ್ಯವನ್ನು ಪೂರೈಸುವ ಎರಡು ಅಥವಾ ಹೆಚ್ಚು ಮಾರ್ಗಗಳ ಪೂರ್ಣಾವಧಿ ವೆಚ್ಚವನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಲೆಕ್ಕಕ್ಕೆ ಆರ್ಥಿಕ ಮಾದರಿ ಎನ್ನಲಾಗುತ್ತದೆ. ಇದರಲ್ಲಿ ಆರಂಭಿಕ ಬಂಡವಾಳ, ವಾರ್ಷಿಕ ಖರ್ಚು, ಬಾಳಿಕೆಯ ಅವಧಿ, ಬಡ್ಡಿದರ ಹಾಗೂ ಹೊರಸೂಸುವ ಇಂಗಾಲದ ಡೈಆಕ್ಸೈಡ್ ಪ್ರಮಾಣವನ್ನು ಪರಿಗಣಿಸಲಾಗುತ್ತದೆ. "ಉಚಿತ" ಎಂಬುದು ಗ್ರಾಹಕರ ಬಿಲ್ಲಿಗೆ ಮಾತ್ರ ಅನ್ವಯಿಸುತ್ತದೆ. ಸದರಿ ವಿದ್ಯುತ್ತಿನ ಮೊತ್ತವನ್ನು ರಾಜ್ಯ ಸರ್ಕಾರವು ಸಹಾಯಧನದ ರೂಪದಲ್ಲಿ ಸರಬರಾಜು ಕಂಪನಿಗಳಿಗೆ ಭರಿಸುತ್ತದೆ.

3. ಕರ್ನಾಟಕದ ಪೂರ್ವನಿದರ್ಶನ

ಇಂತಹ ಲೆಕ್ಕವು ರಾಜ್ಯಕ್ಕೆ ಹೊಸದಲ್ಲ. 1987ರಲ್ಲಿ ವಿದ್ಯುತ್ ಯೋಜನೆಗಳ ದೀರ್ಘಾವಧಿ ಯೋಜನಾ ಸಮಿತಿಯು, 2000ನೇ ಇಸವಿಯ ವೇಳೆಗೆ ರಾಜ್ಯಕ್ಕೆ ಸುಮಾರು 9,400 ಮೆಗಾವ್ಯಾಟ್ ಸಾಮರ್ಥ್ಯ ಹಾಗೂ 4,750 ಕೋಟಿ ಯೂನಿಟ್ ವಿದ್ಯುತ್ ಅಗತ್ಯವೆಂದು ಅಂದಾಜಿಸಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಅಮೂಲ್ಯ ಕೆ. ಎನ್. ರೆಡ್ಡಿ ಮತ್ತು ಸಹೋದ್ಯೋಗಿಗಳು 1991ರಲ್ಲಿ ಪ್ರಕಟಿಸಿದ "ಡಿಫೆಂಡಸ್" ಮಾದರಿಯು ಪ್ರಶ್ನೆಯನ್ನೇ ಬದಲಿಸಿತು. ಎಷ್ಟು ವಿದ್ಯುತ್ ಬೇಕು ಎಂಬುದಕ್ಕೆ ಮೊದಲು, ಯಾರಿಗೆ ಯಾವ ಉಪಯೋಗಕ್ಕೆ ಬೇಕು ಎಂದು ಅದು ಕೇಳಿತು. ಎಲ್ಲ ಮನೆಗಳಿಗೆ ವಿದ್ಯುತ್ ಸಂಪರ್ಕ ನೀಡಿಯೂ, ದಕ್ಷ ದೀಪಗಳು, ಸೌರ ನೀರು ಕಾಯಿಸುವ ಸಾಧನಗಳು, ಪಂಪ್‌ಸೆಟ್‌ಗಳಿಗೆ ಉತ್ತಮ ಫುಟ್‌ವಾಲ್ವ್ ಹಾಗೂ ಪೈಪುಗಳ ಮೂಲಕ ಸುಮಾರು 4,000 ಮೆಗಾವ್ಯಾಟ್ ಮತ್ತು 1,790 ಕೋಟಿ ಯೂನಿಟ್ ಸಾಕಾಗುವುದೆಂದು ಮಾದರಿ ತೋರಿಸಿತು. ವೆಚ್ಚವೂ ಇಂಗಾಲದ ಹೊರೆಯೂ ಒಟ್ಟಿಗೆ ಕಡಿಮೆಯಾಗಬಹುದೆಂಬುದು ಇದರ ಮುಖ್ಯ ಪಾಠ.

4. ಸೌರ ಪಂಪ್‌ಸೆಟ್ ವೆಚ್ಚದ ಪಾಲು

2019ರಲ್ಲಿ ಜಾರಿಗೆ ಬಂದ ಪಿಎಂ-ಕುಸುಮ್ ಯೋಜನೆಯ "ಬಿ" ಘಟಕದಲ್ಲಿ ಮೊದಲು ಕೇಂದ್ರದ ಪಾಲು ಶೇ. 30, ರಾಜ್ಯದ ಪಾಲು ಶೇ. 30 ಹಾಗೂ ರೈತರ ಪಾಲು ಶೇ. 40 ಆಗಿತ್ತು. 2023ರಲ್ಲಿ ರಾಜ್ಯ ಸರ್ಕಾರವು ತನ್ನ ಪಾಲನ್ನು ಶೇ. 50ಕ್ಕೆ ಹೆಚ್ಚಿಸಿದ್ದರಿಂದ ರೈತರ ಪಾಲು ಶೇ. 20ಕ್ಕೆ ಇಳಿಯಿತು. ವಿದ್ಯುತ್ ಜಾಲದಿಂದ 500 ಮೀಟರ್‌ಗಿಂತ ದೂರವಿರುವ ಕೊಳವೆಬಾವಿಗಳಿಗೆ ಸೌರ ಪಂಪ್‌ಸೆಟ್ ಅಳವಡಿಸುವ ನೀತಿಯನ್ನೂ ಅನುಸರಿಸಲಾಯಿತು.

5. ಲೆಕ್ಕದ ಉದಾಹರಣೆ

(ಕೆಳಗಿನ ಬೆಲೆ, ಗಂಟೆ ಹಾಗೂ ದರಗಳು ಕ್ರಮವನ್ನು ತಿಳಿಸಲು ಊಹಿಸಿದವು.)

ಅ) 5 ಅಶ್ವಶಕ್ತಿ ಎಂದರೆ 3.73 ಕಿಲೋವ್ಯಾಟ್. ದಿನಕ್ಕೆ 6 ಗಂಟೆಯಂತೆ ವರ್ಷದಲ್ಲಿ 200 ದಿನ ನಡೆದರೆ 4,476 ಯೂನಿಟ್ ಬಳಕೆಯಾಗುತ್ತದೆ.

ಆ) ಯೂನಿಟ್ಟಿಗೆ 7 ರೂ.ಗಳಂತೆ ಸರ್ಕಾರಕ್ಕೆ ವಾರ್ಷಿಕ ವೆಚ್ಚ 31,332 ರೂ.

ಇ) ಸೌರ ಪಂಪ್‌ಸೆಟ್ ಬೆಲೆ 4,00,000 ರೂ. ಆದಲ್ಲಿ ರೈತರ ಪಾಲು 80,000 ರೂ.; ಕೇಂದ್ರ ಹಾಗೂ ರಾಜ್ಯದ ಪಾಲು 3,20,000 ರೂ.

ಈ) 15 ವರ್ಷಗಳ ಜಾಲ ವಿದ್ಯುತ್ ವೆಚ್ಚವನ್ನು ಶೇ. 8ರ ದರದಲ್ಲಿ ಇಂದಿನ ಮೌಲ್ಯಕ್ಕೆ ಇಳಿಸಿದಾಗ ಸುಮಾರು 2,68,000 ರೂ. ಆಗುತ್ತದೆ. ಅಂದರೆ ಕಂಬದ ಪಕ್ಕದಲ್ಲೇ ಇರುವ ಜಮೀನಿಗೆ ಸೌರ ಪಂಪ್ ಸರ್ಕಾರಕ್ಕೆ ಸುಮಾರು 52,000 ರೂ. ಹೆಚ್ಚು ಖರ್ಚಿನದು.

ಉ) ಲೈನ್ ಮತ್ತು ಪರಿವರ್ತಕಕ್ಕೆ ಸರ್ಕಾರ 1,00,000 ರೂ. ವೆಚ್ಚ ಮಾಡಬೇಕಾದಲ್ಲಿ ಜಾಲದ ವೆಚ್ಚ 3,68,000 ರೂ.ಗೆ ಏರಿ, ಸೌರ ಪಂಪ್ ಅಗ್ಗವಾಗುತ್ತದೆ. ದೂರವನ್ನು ಮಾನದಂಡವಾಗಿ ಇರಿಸಲು ಇದೇ ಕಾರಣ.

ಊ) ಜಾಲದ ವಿದ್ಯುತ್ತಿಗೆ ಯೂನಿಟ್ಟಿಗೆ ಸುಮಾರು 0.7 ಕಿ.ಗ್ರಾಂ. ಇಂಗಾಲದ ಡೈಆಕ್ಸೈಡ್‌ನಂತೆ 15 ವರ್ಷಗಳಲ್ಲಿ 47 ಟನ್ ತಪ್ಪುತ್ತದೆ. ಕಂಬದ ಪಕ್ಕದ ಜಮೀನಿನಲ್ಲಿ ಸರ್ಕಾರಕ್ಕೆ ಬೀಳುವ ಹವಾಮಾನ ವೆಚ್ಚ ಟನ್ನಿಗೆ ಸುಮಾರು 1,100 ರೂ.; ದೂರದ ಜಮೀನಿನಲ್ಲಿ ಅದು ಉಳಿತಾಯವೇ ಆಗಿದೆ.

6. ಬಡ್ಡಿದರದ ಮಹತ್ವ

ಮೇಲ್ಕಂಡ ಲೆಕ್ಕದಲ್ಲಿ ಶೇ. 8ರ ಬದಲು ಶೇ. 4 ಬಳಸಿದರೆ ಜಾಲ ವಿದ್ಯುತ್ತಿನ ವೆಚ್ಚ ಸುಮಾರು 3,48,000 ರೂ. ಆಗಿ, ಕಂಬದ ಪಕ್ಕದಲ್ಲಿಯೂ ಸೌರ ಪಂಪ್ ಅಗ್ಗವೆನಿಸುತ್ತದೆ. ಯಂತ್ರ ಬದಲಾಗಿಲ್ಲ, ಮುಂದಿನ ವರ್ಷಗಳ ಹಣಕ್ಕೆ ನಾವು ಕೊಟ್ಟ ಬೆಲೆ ಮಾತ್ರ ಬದಲಾಗಿದೆ. ಹವಾಮಾನ ಬದಲಾವಣೆಯನ್ನು ಆರ್ಥಿಕ ಮಾದರಿಗಳಲ್ಲಿ ಅಳವಡಿಸಿದ್ದಕ್ಕಾಗಿ 2018ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪುರಸ್ಕಾರ ಪಡೆದ ವಿಲಿಯಂ ನಾರ್ಡ್‌ಹೌಸ್ ಅವರ ಲೆಕ್ಕಗಳ ಕುರಿತ ಮುಖ್ಯ ಚರ್ಚೆಯೂ ಈ ದರದ ಬಗ್ಗೆಯೇ ಆಗಿದೆ. ಆದ್ದರಿಂದ ಯಾವುದೇ ಅಂದಾಜನ್ನು ಓದುವಾಗ ಅದರ ಬಡ್ಡಿದರವನ್ನು ಮೊದಲು ನೋಡತಕ್ಕದ್ದು.

7. ಲೆಕ್ಕಕ್ಕೆ ಸಿಗದ ಅಂಶಗಳು

ರಾತ್ರಿ ಪಾಳಿಯ ವಿದ್ಯುತ್ತಿಗಾಗಿ ಆನೆಗಳ ಸಂಚಾರವಿರುವ ಕಾಡಂಚಿನ ಜಮೀನಿಗೆ ಹೋಗುವ ಅಪಾಯವು ಹಗಲಿನಲ್ಲೇ ನೀರೆತ್ತುವ ಸೌರ ಪಂಪ್‌ನಿಂದ ತಪ್ಪುತ್ತದೆ. ಇದಕ್ಕೆ ರೂಪಾಯಿಯ ಬೆಲೆ ಕಟ್ಟಲಾಗದು. ಆದರೆ ಬಿಸಿಲಿರುವಷ್ಟು ಹೊತ್ತೂ ಖರ್ಚಿಲ್ಲದೆ ನೀರೆತ್ತಿದಲ್ಲಿ ಅಂತರ್ಜಲ ಕುಸಿಯುತ್ತದೆ. ಮೋಡ ಕವಿದ ದಿನಗಳಲ್ಲಿ ನೀರು ಕಡಿಮೆ ಬರುತ್ತದೆ. ರೈತರು ತೆರುವ 80,000 ರೂ. ಮೇಲಿನ ಸರ್ಕಾರಿ ಲೆಕ್ಕದಲ್ಲಿ ಸೇರಿಲ್ಲ. ಸರ್ಕಾರಕ್ಕೆ ಅಗ್ಗವಾದದ್ದು ಕುಟುಂಬಕ್ಕೂ ಅಗ್ಗವೇ ಎಂಬುದನ್ನು ಪ್ರತ್ಯೇಕವಾಗಿ ನೋಡಬೇಕಾಗುತ್ತದೆ.

8. ಅರ್ಜಿದಾರರು ಗಮನಿಸಬೇಕಾದ ಅಂಶಗಳು

* ಕೊಳವೆಬಾವಿಯಿಂದ ಸಮೀಪದ ಪರಿವರ್ತಕಕ್ಕಿರುವ ದೂರವನ್ನು ಖಚಿತಪಡಿಸಿಕೊಳ್ಳುವುದು.
* ನೀರಿನ ಆಳ ಮತ್ತು ಇಳುವರಿಗೆ ತಕ್ಕ ಅಶ್ವಶಕ್ತಿಯನ್ನಷ್ಟೇ ಆರಿಸುವುದು. ಹೆಚ್ಚಿನ ಸಾಮರ್ಥ್ಯದಿಂದ ರೈತರ ಪಾಲೂ ಹೆಚ್ಚುತ್ತದೆ.
* ಸಾಲ ಪಡೆದು ಪಾಲು ಕಟ್ಟುವವರು ಬಡ್ಡಿಯನ್ನೂ ಸೇರಿಸಿ ಲೆಕ್ಕ ಹಾಕುವುದು.
* ನಿರ್ವಹಣಾ ಅವಧಿಯ ಷರತ್ತುಗಳನ್ನು ಲಿಖಿತವಾಗಿ ಪಡೆಯುವುದು.
* ಪಹಣಿ, ಆಧಾರ್ ಹಾಗೂ ಬ್ಯಾಂಕ್ ಪಾಸ್ ಪುಸ್ತಕದ ಪ್ರತಿಗಳನ್ನು ಸಿದ್ಧವಾಗಿರಿಸಿಕೊಳ್ಳುವುದು.

ವಿ.ಸೂ.: ಸಹಾಯಧನದ ಪ್ರಮಾಣ ಹಾಗೂ ಅರ್ಹತೆಯು ಕಾಲಕಾಲಕ್ಕೆ ಬದಲಾಗುವುದರಿಂದ, ಹಣ ಪಾವತಿಸುವ ಮುನ್ನ ಜಾರಿಯಲ್ಲಿರುವ ಆದೇಶವನ್ನು ಸ್ಥಳೀಯ ವಿದ್ಯುತ್ ಉಪವಿಭಾಗ ಕಚೇರಿಯಲ್ಲಿ ಪರಿಶೀಲಿಸಿಕೊಳ್ಳಲು ಕೋರಲಾಗಿದೆ.