ಇಮೇಲ್ ತೆರೆದದ್ದರ ಜಾಡು: ಖಾಸಗಿತನ ಮತ್ತು ಕಾನೂನಿನ ಇತಿಹಾಸ

ಕಳುಹಿಸಿದ ಇಮೇಲನ್ನು ಪಡೆದವರು ತೆರೆದರೇ, ಯಾವಾಗ ತೆರೆದರು, ಎಷ್ಟು ಸಲ ತೆರೆದರು ಎಂಬುದನ್ನು ಅವರ ಅರಿವಿಗೆ ಬಾರದಂತೆ ತಿಳಿದುಕೊಳ್ಳುವ ಪದ್ಧತಿ ಇದು. ಇಮೇಲ್‌ನಲ್ಲಿ ಒಂದು ಪಿಕ್ಸೆಲ್‌ನಷ್ಟು ಚಿಕ್ಕ, ಕಣ್ಣಿಗೆ ಕಾಣದ ಚಿತ್ರದ ಕೊಂಡಿ ಇರುತ್ತದೆ; ಇದೇ ಪತ್ತೆ ಪಿಕ್ಸೆಲ್. ಒಬ್ಬೊಬ್ಬರಿಗೆ ಒಂದೊಂದು ಬೇರೆ ಕೊಂಡಿ. ಇಮೇಲ್ ತೆರೆದೊಡನೆ ಆ ಚಿತ್ರ ದೂರದ ಸರ್ವರ್‌ನಿಂದ ಬರುತ್ತದೆ, ಬರುವಾಗ ಸಮಯ, ಐಪಿ ವಿಳಾಸ, ಸಾಧನದ ಬಗೆ ಅಲ್ಲಿ ದಾಖಲಾಗುತ್ತವೆ. ಈ ವಿಷಯದ ಬರಹಗಳಲ್ಲಿ ಮೂರು ಸಂಗತಿಗಳು ಒಂದರಲ್ಲೊಂದು ಬೆರೆತಿವೆ: ಪತ್ರ ತಲುಪಿದ್ದು, ತಲುಪಿತೆಂದು ಪಡೆದವರೇ ಒಪ್ಪಿದ್ದು, ತೆರೆದದ್ದನ್ನು ಅವರಿಗೆ ಹೇಳದೆ ಗಮನಿಸಿದ್ದು. ಕಾನೂನು ಈ ಮೂರನ್ನೂ ಬೇರೆ ಬೇರೆಯಾಗಿ ನೋಡುತ್ತದೆ.

ಅಂಚೆಯ ಕಾಲದಲ್ಲಿ ಮೊದಲೆರಡು ಮಾತ್ರ ಇದ್ದವು. ಕುಮಟಾದ ವಕೀಲರೊಬ್ಬರು ಧಾರೇಶ್ವರದ ವಿಳಾಸಕ್ಕೆ ರಿಜಿಸ್ಟರ್ಡ್ ಎ.ಡಿ. ಮೂಲಕ ನೋಟಿಸು ಕಳಿಸಿದರೆ, ಪೋಸ್ಟ್‌ಮ್ಯಾನ್ ಮನೆಬಾಗಿಲಲ್ಲಿ ಸಹಿ ಹಾಕಿಸಿಕೊಂಡು ಸ್ವೀಕೃತಿ ಚೀಟಿಯನ್ನು ಹಿಂದಿರುಗಿಸುತ್ತಿದ್ದರು. ಬೇಡವೆಂದರೆ 'ನಿರಾಕರಿಸಿದರು' ಎಂದು ಷರಾ ಬರೆಯುತ್ತಿದ್ದರು. ಲಕೋಟೆ ಒಡೆದರೋ ಇಲ್ಲವೋ ಎಂಬುದು ಮನೆಯೊಳಗಿನ ವಿಚಾರ. ನ್ಯಾಯಾಲಯಕ್ಕೂ ಅದು ಬೇಕಿರಲಿಲ್ಲ: ಸರಿಯಾದ ವಿಳಾಸಕ್ಕೆ ನೋಂದಾಯಿತ ಅಂಚೆಯಲ್ಲಿ ಹೋದದ್ದು ತಲುಪಿದಂತೆಯೇ ಎಂದು 1897ರ ಸಾಮಾನ್ಯ ಖಂಡಗಳ ಕಾಯ್ದೆಯ 27ನೇ ಕಲಂ ಭಾವಿಸುತ್ತದೆ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನವಾಯಿತು.

ಇಮೇಲ್‌ನ ಅಧಿಕೃತ ಸ್ವೀಕೃತಿ ಪದ್ಧತಿಗೆ 1998ರಲ್ಲಿ ಮಾನದಂಡ ಬಂತು. ಸ್ವೀಕೃತಿ ಕಳಿಸುವ ಮುನ್ನ ಓದುಗನ ಒಪ್ಪಿಗೆ ಕೇಳಬೇಕೆಂದು ಅದು ಬಲವಾಗಿ ಸಲಹೆ ಮಾಡಿತ್ತು. ಆ ಒಪ್ಪಿಗೆಯನ್ನು ದಾಟಿಹೋಗುವ 'ಡಿಡ್ ದೆ ರೀಡ್ ಇಟ್' ಎಂಬ ಸೇವೆ 2004ರಲ್ಲಿ ಮಾರುಕಟ್ಟೆಗೆ ಬಂತು. ಯುರೋಪಿನ ದತ್ತಾಂಶ ಪ್ರಾಧಿಕಾರಗಳ ಕಾರ್ಯತಂಡ 2006ರ ಫೆಬ್ರುವರಿಯಲ್ಲಿ ಇಂಥ ಗುಟ್ಟಿನ ಪತ್ತೆಯನ್ನು ಖಂಡಿಸಿ, ಪಡೆಯುವವರ ಸ್ಪಷ್ಟ ಒಪ್ಪಿಗೆ ಬೇಕೆಂದಿತು. ಅದೇ ವರ್ಷ, ಹ್ಯೂಲೆಟ್-ಪ್ಯಾಕರ್ಡ್ ಕಂಪನಿಯ ತನಿಖೆಗಾರರು ವರದಿಗಾರ್ತಿಯೊಬ್ಬರಿಗೆ ಪತ್ತೆ ಸಾಧನವಿದ್ದ ಇಮೇಲ್ ಕಳಿಸಿದ್ದು ಬಯಲಾಗಿ ಅಮೆರಿಕದ ಸಂಸತ್ತಿನಲ್ಲಿ ವಿಚಾರಣೆ ನಡೆಯಿತು.

ಭಾರತದಲ್ಲಿ ಗೊಂದಲ ಹೆಚ್ಚು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 13ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಪಡೆಯುವವರು ಗೊತ್ತುಪಡಿಸಿದ ಕಂಪ್ಯೂಟರ್ ವ್ಯವಸ್ಥೆಯನ್ನು ಸಂದೇಶ ಹೊಕ್ಕ ಗಳಿಗೆಯೇ ಸ್ವೀಕೃತಿಯ ಗಳಿಗೆ. ತೆರೆದಿರಬೇಕೆಂಬ ಷರತ್ತಿಲ್ಲ. ಆದ್ದರಿಂದ ನೋಟಿಸು ಮುಟ್ಟಿತೆಂದು ತೋರಿಸಲು ಪಿಕ್ಸೆಲ್ ಬೇಕೇಬೇಕು ಎಂಬ ವಾದಕ್ಕೆ ಈ ಕಾಯ್ದೆಯಲ್ಲಿ ನೆಲೆಯಿಲ್ಲ. ಹಾಗಿದ್ದೂ ಈ ವಾದಕ್ಕೆ ಆಧಾರವಾಗಿ 2018ರ ಜೂನ್‌ನ ಬಾಂಬೆ ಹೈಕೋರ್ಟ್ ಆದೇಶವನ್ನು ಮುಂದಿಡುವುದುಂಟು. ಎಸ್‌ಬಿಐ ಕಾರ್ಡ್ಸ್ ಮತ್ತು ರೋಹಿದಾಸ್ ಜಾಧವ್ ನಡುವಿನ ಆ ಪ್ರಕರಣದಲ್ಲಿ ನ್ಯಾಯಮೂರ್ತಿ ಗೌತಮ್ ಪಟೇಲ್ ಅವರು, ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ನೋಟಿಸು ತಲುಪಿದ್ದಷ್ಟೇ ಅಲ್ಲ, ತೆರೆಯಲ್ಪಟ್ಟಿದೆ ಎಂಬುದನ್ನು ಗುರುತುಗಳಿಂದ ಕಂಡು ಜಾರಿಯನ್ನು ಒಪ್ಪಿದರು. ಆದರೆ ಸಂದೇಶ ತೆರೆದದ್ದನ್ನು ತೋರಿಸುವ ವಾಟ್ಸ್‌ಆ್ಯಪ್‌ನ ನೀಲಿ ಗುರುತು ಬಳಕೆದಾರರಿಗೆಲ್ಲ ಗೊತ್ತಿರುವ, ಬೇಡವಾದರೆ ತೆಗೆದುಹಾಕಬಹುದಾದ ಏರ್ಪಾಡು. ಇಮೇಲ್‌ನ ಪಿಕ್ಸೆಲ್ ಪಡೆದವರಿಗೆ ಗೊತ್ತಾಗದಂತೆ ಕೆಲಸ ಮಾಡುತ್ತದೆ. ಆ ಆದೇಶವನ್ನು ಪಿಕ್ಸೆಲ್‌ಗೆ ಪರವಾನಗಿ ಎಂದು ಓದುವುದು ತಪ್ಪು.

ಖಾಸಗಿತನದ ಕಡೆಯಿಂದ ತಿರುವು ಬಂದದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ. ಆಧಾರ್ ವಿರುದ್ಧ 2012ರಲ್ಲಿ, ಎಂಬತ್ತಾರರ ವಯಸ್ಸಿನಲ್ಲಿ, ಅವರು ಸಲ್ಲಿಸಿದ ಅರ್ಜಿಯಿಂದ ಹುಟ್ಟಿದ ಪ್ರಶ್ನೆಗೆ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಉತ್ತರಿಸಿತು: ಖಾಸಗಿತನ ಮೂಲಭೂತ ಹಕ್ಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಈ ತೀರ್ಪಿನ ಬೆನ್ನಿಗೆ ಬಂತು. ಅದರಲ್ಲಿ ಪಿಕ್ಸೆಲ್ ಎಂಬ ಪದವಿಲ್ಲ. ಆದರೆ ವ್ಯಕ್ತಿಯನ್ನು ಗುರುತಿಸಬಲ್ಲ ಯಾವುದೇ ದತ್ತಾಂಶ ವೈಯಕ್ತಿಕವೇ, ಮತ್ತು ಹೆಸರಿನ ವಿಳಾಸಕ್ಕೆ ಕಟ್ಟಿದ 'ತೆರೆದ ಸಮಯ' ಆ ವ್ಯಾಖ್ಯೆಯೊಳಗೇ ಬರುತ್ತದೆ. ಒಪ್ಪಿಗೆ ಕೋರುವ ಸೂಚನೆಯನ್ನು ಕನ್ನಡವೂ ಸೇರಿ ಎಂಟನೇ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಕೊಡಬೇಕೆಂಬುದು ಕನ್ನಡದ ಓದುಗರಿಗೆ ನಿಜವಾಗಿ ಮುಖ್ಯವಾದ ಅಂಶ. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಮತ್ತು ಸೂಚನೆಯ ಕಲಂಗಳ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ನಿಗದಿಯಾಯಿತು.

ಕರ್ನಾಟಕ ಹೈಕೋರ್ಟಿನ 2025ರ ಏಪ್ರಿಲ್ 29ರ ಆದೇಶವನ್ನೂ ಈ ಸಾಲಿಗೆ ಸೇರಿಸುವ ರೂಢಿಯಿದೆ. ಅದು ಅಷ್ಟು ಸರಿಯಲ್ಲ. ಎಂ. ಮೋಸರ್ ಡಿಸೈನ್ ಅಸೋಸಿಯೇಟ್ಸ್ ಸಂಸ್ಥೆಯ ಸಿಬ್ಬಂದಿಗೆ ಅಶ್ಲೀಲ ಇಮೇಲ್‌ಗಳು ಬಂದ ದೂರಿನಲ್ಲಿ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಪ್ರೋಟಾನ್ ಮೇಲ್ ಸೇವೆಯನ್ನು ತಡೆಯಲು ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ ಕ್ರಮ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ಅಲ್ಲಿ ಪ್ರಶ್ನೆಯಿದ್ದದ್ದು ಕಳುಹಿಸುವವನ ಅನಾಮಿಕತೆಯ ಕುರಿತು, ಓದುವವರ ಖಾಸಗಿತನದ ಕುರಿತಲ್ಲ. ಪ್ರೋಟಾನ್ ಪತ್ತೆ ಪಿಕ್ಸೆಲ್‌ಗಳನ್ನು ತಡೆಯುವ ಸೇವೆಯೂ ಆಗಿರುವುದರಿಂದ ಎರಡೂ ಬೆರೆತುಹೋಗಿವೆ.

ಈ ನಡುವೆ ತಂತ್ರಜ್ಞಾನವೇ ಈ ಸಾಕ್ಷ್ಯವನ್ನು ಸಡಿಲಗೊಳಿಸಿದೆ. ಜಿಮೇಲ್ 2013ರ ಡಿಸೆಂಬರ್‌ನಿಂದ ಚಿತ್ರಗಳನ್ನು ತನ್ನ ಸರ್ವರ್ ಮೂಲಕ ತರುತ್ತದೆ, ಹಾಗಾಗಿ ಓದುಗನ ಐಪಿ ವಿಳಾಸ ಮರೆಯಾಗುತ್ತದೆ. ಆಪಲ್ 2021ರ ಸೆಪ್ಟೆಂಬರ್‌ನಲ್ಲಿ ತಂದ ರಕ್ಷಣೆಯನ್ನು ಆನ್ ಮಾಡಿದರೆ, ಯಾರೂ ಇಮೇಲ್ ತೆರೆಯದಿದ್ದರೂ ಚಿತ್ರಗಳು ಮುಂಚಿತವಾಗಿಯೇ ಇಳಿಯುತ್ತವೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಇಂಥ ದಾಖಲೆ ಯಾವ ಯಂತ್ರದಿಂದ, ಹೇಗೆ ಬಂತೆಂದು ಹೇಳೀತು. ಇಮೇಲನ್ನು ಮನುಷ್ಯರೇ ತೆರೆದರೋ ಯಂತ್ರ ತೆರೆಯಿತೋ ಎಂಬುದನ್ನು ಅದು ಹೇಳುವುದಿಲ್ಲ.